ಬಕ್ಕೇಶನ ಊಟದ ಪಾಲು

ಹರಿಹರದ ಹೊಳೆದಂಡೆಯ ಕಾಲೊನಿಯ ಚರಿತ್ರೆಯಲ್ಲಿ ಅತ್ಯಂತ ಗಂಭೀರವಾದ ರಾಜ್ಯಪ್ರಶ್ನೆಯೆಂದರೆ, ಚೌಕಿಯ ಕಾವಲುಗಾರ ಬಕ್ಕೇಶ ಮಧ್ಯಾಹ್ನ ಮೊದಲು ಯಾರ ಮನೆಯ ಊಟ ಉಣ್ಣಬೇಕೆಂಬುದು. ಸಂಬಳ ಸರ್ಕಾರದ್ದು, ಊಟ ಕಾಲೊನಿಯದು ಎಂಬ ಒಪ್ಪಂದದ ಮೇಲೆ ಚೌಕಿ ನಿಂತಿತ್ತು. ಕಾಲೊನಿ ತನ್ನ ಪಾಲಿನಲ್ಲಿ ಎಂದೂ ಕೈ ಬಿಗಿ ಹಿಡಿದಿರಲಿಲ್ಲ.

ಆ ದಿನ ದಾವಣಗೆರೆಯಿಂದ ಸಾಹೇಬರು ಬರುವವರಿದ್ದರು. ಚೌಕಿ ಇರಬೇಕೋ ಬೇಡವೋ ಅವರದೇ ತೀರ್ಮಾನ. ಈ ಹೊಳೆಗಾಳಿ ಬಿಟ್ಟು ಹೋಗುವುದನ್ನು ನೆನೆದರೇ ಬಕ್ಕೇಶನಿಗೆ ಎದೆ ಭಾರವಾಗುತ್ತಿತ್ತು. ಇವತ್ತೊಂದು ದಿನ ಉಂಡ ಮೇಲೆ ಕಣ್ಣು ಮುಚ್ಚಬಾರದು ಎಂದುಕೊಂಡ.

"ಸಾಹೇಬ್ರ ಮುಂದೆ ನೀನು ಬಡಕಲಾಗಿ ಕಂಡ್ರೆ ನಮ್ ಮರ್ಯಾದಿ ಏನಾಗ್ಬೇಕು? ಉಣ್ಣು," ಎಂದು ಎದುರು ಮನೆಯ ಅನ್ನಪೂರ್ಣಮ್ಮ ಹೋಳಿಗೆಗೆ ತುಪ್ಪ ಸುರಿದರು.

"ಅವರ್ದು ಉಂಡು ನಮ್ದು ಬ್ಯಾಡ ಅಂತೀಯೇನೋ?" ಎಂದು ಪಕ್ಕದ ಮನೆಯ ರಹಮತ್ ಬೀ ಖೀರಿನ ಬಟ್ಟಲು ಇಟ್ಟರು.

ಎರಡೂ ಪಾಲು ಮುಗಿಯುವಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಬೀಸಿತು. ಬಕ್ಕೇಶನ ಕುರ್ಚಿ ಮೆಲ್ಲಗೆ ನೀರಿಗಿಳಿದು ದೋಣಿಯಂತೆ ತೇಲತೊಡಗಿತು. ಕಾಲೊನಿಯ ಮನೆಗಳೆಲ್ಲ ದೀಪ ಹಚ್ಚಿಕೊಂಡು ಅವನ ಹಿಂದೆಯೇ ತೇಲಿ ಬಂದವು. ಒಂದೂ ಕಳುವಾಗಲಿಲ್ಲ. ಎಲ್ಲೋ ದಡದಲ್ಲಿ ಜೀಪು ನಿಂತಿತು, ಮಾತು ಕೇಳಿಸಿತು.

"ಮೆಲ್ಲಕ ಬರ್ರಿ ಸಾಹೇಬ್ರೆ, ಈಗಷ್ಟೇ ಕಣ್ಣು ಹತ್ತೈತೆ," ಎನ್ನುತ್ತಿದ್ದರು ರಹಮತ್ ಬೀ.

ಸಾಹೇಬರು ಮೆಲ್ಲಗೇ ಕೇಳಿದರು. "ಹಂಗಾದ್ರೆ ಕಾವಲು ಯಾರು ಕಾಯೋದು?"

"ಯಾಕ, ನಾವಿಲ್ಲೇನ್ರಿ?"

ಬಕ್ಕೇಶ ಅರೆಗಣ್ಣು ತೆರೆದ. ಅನ್ನಪೂರ್ಣಮ್ಮ ಅವನಿಗೆ ಬೀಸಣಿಗೆ ಬೀಸುತ್ತಿದ್ದರು. ರಹಮತ್ ಬೀ ಅವನ ಲಾಠಿ ಹಿಡಿದು ಗೇಟಿನಲ್ಲಿ ನಿಂತಿದ್ದರು. ಎಲ್ಲವೂ ಭದ್ರವಾಗಿದೆಯೆಂದು ಅವನು ಮತ್ತೆ ನೀರಿಗಿಳಿದ.

ಮುಂದಿನ ವಾರ ಚೌಕಿ ಮುಚ್ಚಿತು, ಅವನಿಗೆ ಮಲೆಬೆನ್ನೂರಿಗೆ ವರ್ಗವಾಯಿತು. ಲಾಠಿಯನ್ನು ಸರ್ಕಾರ ವಾಪಸು ತೆಗೆದುಕೊಂಡಿತು, ಕುರ್ಚಿ ಕಾಲೊನಿಯಲ್ಲೇ ಉಳಿಯಿತು.