ಕೆಂಪು ಜ್ವಾಲೆಗೆ ಸೊನ್ನೆ

ಲಾಸ್ಯಾ ಬರೆದದ್ದು ಸರಿಯಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ಹೇಳುವುದಕ್ಕೆ ನಾನು ಹತ್ತು ನಿಮಿಷ ತಡ ಮಾಡಿದೆ.

ನಾನು ಕಾಳಪ್ಪ. ಬಸವನಗುಡಿಯ ಒಂದು ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಅಟೆಂಡರ್. ಊರಿನ ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದವನು. ಮಿಕ್ಕಿದ್ದನ್ನೆಲ್ಲ ಸಿಂಕಿನ ಪಕ್ಕ ನಿಂತು ಕಲಿತೆ.

ಲಾಸ್ಯಾ ಬಿನ್ನಿಪೇಟೆಯಿಂದ ಬಸ್ಸಲ್ಲಿ ಬರುತ್ತಿದ್ದ ಸೆಕೆಂಡ್ ಪಿಯು ಹುಡುಗಿ. ಅವಳ ತಾಯಿ ಕಮಲಮ್ಮ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾರೆ. ಹುಡುಗಿಗೆ ಬಿಎಸ್ಸಿಯಲ್ಲಿ ಕೆಮಿಸ್ಟ್ರಿಯನ್ನೇ ಓದಬೇಕು, ಅದೂ ಸರ್ಕಾರಿ ಕಾಲೇಜಿನಲ್ಲಿ, ಅದಕ್ಕೆ ಒಂದೊಂದು ಅಂಕವೂ ಬೇಕು. ಬಾಯಿ ತೆರೆದರೆ ಪ್ರಶ್ನೆ. ಉಪ್ಪೂ ನೀರಲ್ಲಿ ಕರಗುತ್ತೆ, ಸಕ್ಕರೆಯೂ ಕರಗುತ್ತೆ, ಉಪ್ಪಿನ ನೀರಿಗೆ ತಂತಿ ಇಳಿಸಿದರೆ ಬಲ್ಬ್ ಉರಿಯುತ್ತೆ, ಸಕ್ಕರೆ ನೀರಿಗೆ ಯಾಕೆ ಉರಿಯಲ್ಲ ಎಂದು ಒಂದು ದಿನ ಕೇಳಿದಳು. ನಮ್ಮ ಲೆಕ್ಚರರ್ ಕೈಲಾಸ್ ಸರ್ ಬೋರ್ಡಿನಿಂದ ತಿರುಗಲೂ ಇಲ್ಲ.

"ಈ ಪ್ರಶ್ನೆ ಎಷ್ಟು ಮಾರ್ಕ್ಸಿಗೆ ಬರುತ್ತಮ್ಮ?"

ಕ್ಲಾಸೆಲ್ಲ ನಕ್ಕಿತು. ಅವಳು ಕೂತಳು. ಸಂಜೆ ನಾನು ಬ್ಯುರೆಟ್ ತೊಳೆಯುವಾಗ ಬಂದು ಅದನ್ನೇ ನನ್ನನ್ನು ಕೇಳಿದಳು. ನನಗೆ ತಿಳಿದಷ್ಟು ಹೇಳಿದೆ. ಉಪ್ಪು ನೀರಿಗೆ ಬಿದ್ದ ಮೇಲೆ ಪ್ಲಸ್ಸು ಮೈನಸ್ಸು ಅಂತ ಬೇರೆಬೇರೆ ಆಗಿ ಓಡಾಡುತ್ತೆ, ಸಕ್ಕರೆ ಕರಗಿದರೂ ಒಂದೊಂದು ಅಣುವೂ ಇಡಿಯಾಗೇ ಉಳಿಯುತ್ತೆ ಎಂದೆ. ಹಾಗಾದರೆ ಸುಣ್ಣದಕಲ್ಲಲ್ಲೂ ಪ್ಲಸ್ಸು ಮೈನಸ್ಸು ಇದೆಯಲ್ಲ, ಅದು ಯಾಕೆ ಕರಗಲ್ಲ ಅಣ್ಣ ಎಂದಳು. ನನಗೆ ಗೊತ್ತಿರಲಿಲ್ಲ. ಮರುದಿನ ಕೈಲಾಸ್ ಸರ್ ಹತ್ತಿರ ಹೋಗಿ ಕೇಳಿದೆ. ಅವರು ಕಾಫಿ ತರಲು ಹೇಳಿದರು.

ಇನ್ನು ಪ್ರಾಕ್ಟಿಕಲ್ ಪರೀಕ್ಷೆ. ಒಬ್ಬೊಬ್ಬರಿಗೂ ಒಂದೊಂದು ನಂಬರಿನ ಚೀಟಿ, ಆ ನಂಬರಿನ ಬಾಟಲಿಯಿಂದ ಒಂದು ಚಮಚ ಬಿಳಿ ಪುಡಿ. ಅದು ಯಾವ ಲವಣ ಎಂದು ಪರೀಕ್ಷೆ ಮಾಡಿ ಬರೆಯಬೇಕು, ಹತ್ತು ಅಂಕ. ಯಾವ ನಂಬರಿಗೆ ಯಾವ ಲವಣ ಎಂಬ ಪಟ್ಟಿ ಗುಟ್ಟಾಗಿರಬೇಕು. ನಮ್ಮಲ್ಲಿ ಅದು ಕೈಲಾಸ್ ಸರ್ ಟ್ಯೂಷನ್ನಿಗೆ ಹೋಗುವವರಿಗೆಲ್ಲ ಒಂದು ವಾರ ಮೊದಲೇ ಗೊತ್ತಿರುತ್ತದೆ. ರಿಸಲ್ಟ್ ಚೆನ್ನಾಗಿ ಬರಬೇಕಂತೆ. ಲಾಸ್ಯಾ ಟ್ಯೂಷನ್ನಿಗೆ ಹೋದವಳಲ್ಲ.

ನಾಲ್ಕನೇ ನಂಬರ್ ಬಂದದ್ದು ನಾಲ್ಕು ಜನಕ್ಕೆ. ಪಟ್ಟಿಯ ಪ್ರಕಾರ ಅದು ಬೇರಿಯಂ ಕ್ಲೋರೈಡ್. ಬೇರಿಯಂ ಲವಣವನ್ನು ತಂತಿಗೆ ಹಚ್ಚಿ ಬೆಂಕಿಗೆ ಹಿಡಿದರೆ ಜ್ವಾಲೆ ಹಸಿರಾಗಬೇಕು. ಲಾಸ್ಯಾಳ ಜ್ವಾಲೆ ಕುಂಕುಮದ ಹಾಗೆ ಕೆಂಪಾಯಿತು, ಅದು ಸ್ಟ್ರಾನ್ಷಿಯಂನ ಬಣ್ಣ. ಅವಳು ತಂತಿಯನ್ನು ಆ್ಯಸಿಡ್ಡಿನಲ್ಲಿ ಅದ್ದಿ ಸುಟ್ಟು ಶುದ್ಧ ಮಾಡಿಕೊಂಡು ಇನ್ನೆರಡು ಸಲ ನೋಡಿದಳು. ಪಕ್ಕದಲ್ಲಿ ಟ್ಯೂಷನ್ನಿಗೆ ಹೋಗುವ ಶರಣ್ ಎನ್ನುವ ಹುಡುಗ. ಅವನ ಬರ್ನರಿನಲ್ಲೂ ಕೆಂಪೇ. ಅವನು ಅದನ್ನು ನೋಡಿದ, ನಾನು ಅವನನ್ನು ನೋಡಿದೆ. ತಂತಿ ಕೆಳಗಿಟ್ಟು 'ಹಸಿರು' ಎಂದು ಬರೆದ. ಉಳಿದಿಬ್ಬರು ಬರ್ನರ್ ಹಚ್ಚಲೇ ಇಲ್ಲ, ಅವರೂ ಹಸಿರು.

ಕೈಲಾಸ್ ಸರ್ ಲಾಸ್ಯಾಳ ಹಾಳೆ ನೋಡಿದರು, ಪಟ್ಟಿ ನೋಡಿದರು.

"ಸ್ಟ್ರಾನ್ಷಿಯಂ ಅಂತೆ. ಮೂರು ಜನಕ್ಕೆ ಹಸಿರು ಕಂಡಿದ್ದು ನಿನಗೊಬ್ಬಳಿಗೆ ಕೆಂಪು ಕಾಣ್ತಾ? ಕಣ್ಣು ತೋರಿಸ್ಕೊ ಹೋಗು."

"ಬೇರೆಯವರದು ಗೊತ್ತಿಲ್ಲ ಸರ್. ನನಗೆ ಕೆಂಪೇ ಬಂತು. ಬೇರಿಯಂ ಆಗಿದ್ರೆ ಕ್ರೋಮೇಟ್ ಹಾಕಿದಾಗ ಹಳದಿಯಾಗಿ ತಳಕ್ಕೆ ಕೂರಬೇಕಿತ್ತು, ಅದೂ ಕೂರಲಿಲ್ಲ. ಕಂಡಿದ್ದು ಬರ್ದಿದೀನಿ."

ಅವರು ಹಾಳೆಯ ಮೇಲೆ ದೊಡ್ಡದಾಗಿ ಸೊನ್ನೆ ಸುತ್ತಿದರು. ಅವಳು ಅಳಲಿಲ್ಲ. ತನ್ನ ಟೆಸ್ಟ್ ಟ್ಯೂಬುಗಳನ್ನು ಒಂದೊಂದಾಗಿ ತೊಳೆಯತೊಡಗಿದಳು. ಆ ಹತ್ತು ಅಂಕ ಹೋದರೆ ಅವಳಿಗೆ ಸೀಟು ಇಲ್ಲ.

ನನಗೆ ಆಗಲೇ ಆಯುಧಪೂಜೆಯ ದಿನ ನೆನಪಾಗಿತ್ತು. ನಂಬರಿನ ಬಾಟಲಿಗಳಿಗೆ ಪುಡಿ ತುಂಬುವ ದೊಡ್ಡ ಬಾಟಲಿಗಳನ್ನು ತೆರೆಯುವುದು ವರ್ಷಕ್ಕೊಮ್ಮೆ ಪರೀಕ್ಷೆಗೆ ಮಾತ್ರ, ಆದರೆ ತೊಳೆಯುವುದು ಆಯುಧಪೂಜೆಗೆ. ಬೇರೆಯವರು ಸ್ಕೂಟರು ತೊಳೆದರೆ ನಾನು ಬಾಟಲಿ ತೊಳೆಯುತ್ತೇನೆ. ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸುತ್ತೇನೆ. ಆ ವರ್ಷ ಧೂಳು ಜಾಸ್ತಿ ಇತ್ತೆಂದು ಮುಚ್ಚಳ ಬಿಗಿದು ಬಕೆಟ್ಟಿನಲ್ಲೇ ನೆನೆಹಾಕಿದೆ. ಲವಣದ ಹೆಸರಿದ್ದ ಎರಡು ಚೀಟಿ ಬಿಟ್ಟುಕೊಂಡು ತೇಲಿದವು, ಬೇರಿಯಂದು, ಸ್ಟ್ರಾನ್ಷಿಯಂದು. ಎರಡು ಬಾಟಲಿಯಲ್ಲೂ ಬಿಳಿ ಹರಳು. ಮೈದಾ ಅಂಟು ಮಾಡಿ, ಇದು ಇದರದೇ ಇರಬೇಕು ಎಂದುಕೊಂಡು ಅಂಟಿಸಿದೆ. ಒಂದು ತಂತಿ ಬೆಂಕಿಗೆ ಹಿಡಿದಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮಂಗಳಾರತಿಗೆ ಹೊತ್ತಾಗಿತ್ತು, ಹಿಡಿಯಲಿಲ್ಲ.

ಕೈಲಾಸ್ ಸರ್ ಅವರನ್ನು ತಕ್ಕಡಿ ರೂಮಿಗೆ ಕರೆದು ಎಲ್ಲ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿದರು.

"ಸುಮ್ನಿರು ಕಾಳಪ್ಪ. ಒಬ್ಬಳಿಗೋಸ್ಕರ ಮೂರು ಜನರದ್ದು ಹಾಳಾಗುತ್ತೆ. ನಿನ್ನ ಕೆಲಸಕ್ಕೂ ಕುತ್ತು."

ನಾನು ಅವರಿಗೆ ಎದುರು ಮಾತಾಡಿದವನಲ್ಲ. ಅವತ್ತು ಮೈಯೆಲ್ಲ ಉರಿದುಹೋಯಿತು. ನೋಡಿ ಬರೆದವಳಿಗೆ ಸೊನ್ನೆ, ನೋಡದೆ ಬರೆದವರಿಗೆ ಹತ್ತು, ಇದಕ್ಕೆ ಲ್ಯಾಬು ಯಾಕೆ, ಗ್ಯಾಸು ಯಾಕೆ, ನಾನು ಯಾಕೆ ಎಂದೆ. ಕೆಲಸ ಹೋದರೆ ಹೋಗಲಿ ಎಂದೂ ಅಂದೆ.

ಬೇರೆ ಕಾಲೇಜಿನಿಂದ ಪರೀಕ್ಷೆ ನಡೆಸಲು ಬಂದಿದ್ದ ಗಿರಿಜಾಂಬಾ ಮೇಡಂ ಆಗ ಕೇಸರಿಬಾತ್ ತಿನ್ನುತ್ತಿದ್ದರು. ಅವರ ಮುಂದೆ ಎರಡೂ ಬಾಟಲಿ ಇಟ್ಟೆ, ಬರ್ನರ್ ಹಚ್ಚಿದೆ. ಬೇರಿಯಂ ಎಂದು ಚೀಟಿ ಇದ್ದದ್ದು ಕೆಂಪಗೆ ಉರಿಯಿತು. ಸ್ಟ್ರಾನ್ಷಿಯಂ ಎಂದಿದ್ದದ್ದು ಹಸಿರಾಗಿ. ಚೀಟಿ ಅಂಟಿಸಿದವನು ನಾನೇ ಎಂದೆ.

ಮೇಡಂ ತಟ್ಟೆ ಸರಿಸಿ ನಾಲ್ಕೂ ಹಾಳೆ ತರಿಸಿದರು. ಲಾಸ್ಯಾಳ ಸೊನ್ನೆಯನ್ನು ಹೊಡೆದುಹಾಕಿ ಹತ್ತು ಬರೆದು ಸಹಿ ಮಾಡಿದರು. ಉಳಿದ ಮೂವರಿಗೆ ತಮ್ಮ ಕಣ್ಣೆದುರೇ ಮತ್ತೆ ಮಾಡಲು ಹೇಳಿದರು. ಶರಣ್ ಗಾಬರಿಯಲ್ಲಿ ತಂತಿಯನ್ನು ಆ್ಯಸಿಡ್ಡಿನಲ್ಲಿ ಅದ್ದುವುದನ್ನೇ ಮರೆತು ಒಣಗಿದ್ದ ಹಾಗೇ ಪುಡಿಗೆ ಚುಚ್ಚಿದ, ಪುಡಿ ಅಂಟಲಿಲ್ಲ. ಮೂವರಿಗೂ ಮಾಡಿದಷ್ಟಕ್ಕೆ ಅಂಕ ಬಿತ್ತು.

ಮೂರನೇ ದಿನ ನನಗೆ ಮೆಮೊ ಬಂತು. ಚೀಟಿ ಅಂಟಿಸುವುದರಲ್ಲಿ ಬೇಜವಾಬ್ದಾರಿ, ಉತ್ತರ ಕೊಡು ಎಂದು. ಕೊಟ್ಟೆ. ತಪ್ಪು ನನ್ನದು, ಇನ್ನು ಮೇಲೆ ಬಾಟಲಿ ನೆನೆಹಾಕುವುದಿಲ್ಲ, ಗಾಜಿನ ಮೇಲೇ ಪೇಂಟಿನಲ್ಲಿ ಹೆಸರು ಬರೆಯುತ್ತೇನೆ ಎಂದು ಬರೆದೆ. ಪಟ್ಟಿ ಹೊರಬಿಟ್ಟದ್ದಕ್ಕೆ ಯಾರಿಗೂ ಮೆಮೊ ಇಲ್ಲ. ಕೆಂಪು ನೋಡಿ ಹಸಿರು ಬರೆದದ್ದಕ್ಕೂ ಇಲ್ಲ.

ಪೇಂಟ್ ಮಾಡುತ್ತಿದ್ದಾಗ ಲಾಸ್ಯಾ ಬಂದಳು. ಥ್ಯಾಂಕ್ಸ್ ಗೀಂಕ್ಸ್ ಏನಿಲ್ಲ. ಕ್ರೋಮೇಟ್ ಹಾಕಿದರೆ ಬೇರಿಯಂದು ಹಳದಿಯಾಗಿ ತಳಕ್ಕೆ ಕೂರುತ್ತಲ್ಲ, ಸ್ಟ್ರಾನ್ಷಿಯಂದು ಯಾಕೆ ಕರಗೇ ಇರುತ್ತೆ, ಎರಡೂ ಒಂದೇ ಗುಂಪಲ್ಲವಾ ಎಂದು ಕೇಳಿದಳು.

"ನನಗೆ ಗೊತ್ತಿಲ್ಲಮ್ಮ. ನಡಿ, ಗೊತ್ತಿರಬೇಕಾದವರನ್ನ ಕೇಳೋಣ."

ಬ್ರಷ್ ಕೈಯಲ್ಲೇ ಇತ್ತು. ಸ್ಟಾಫ್ ರೂಮಿನಲ್ಲಿ ಅವಳು ಕೈಲಾಸ್ ಸರ್ ಮುಂದೆ ನಿಂತು ಮತ್ತೆ ಅದನ್ನೇ ಕೇಳಿದಳು. ಅವರು ಅವಳನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಎಷ್ಟು ಮಾರ್ಕ್ಸಿಗೆ ಎಂದು ಈ ಸಲ ಕೇಳಲಿಲ್ಲ. ಬೀರುವಿನಿಂದ ಒಂದು ದಪ್ಪ ಪುಸ್ತಕ ತೆಗೆದು ಪುಟ ಹುಡುಕತೊಡಗಿದರು. ಸಿಗುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.