ಅಲುಗದ ಪರದೆ

ಚೆನ್ನೈಯ ನುಂಗಂಬಾಕ್ಕಂನಲ್ಲಿದ್ದ ಮಾವನ ಹೋಟೆಲಿಗೆ ಸಂದೇಶ್ ಒಂದು ಆ್ಯಪ್ ಬರೆದುಕೊಟ್ಟಿದ್ದ. ಸಪ್ಲೈಯರ್ ಹೊರಗೆ ಆರ್ಡರ್ ಒತ್ತಿದರೆ ಅಡುಗೆಮನೆಯ ಟ್ಯಾಬಿನಲ್ಲಿ ಕಾಣಬೇಕು, ಅಷ್ಟೇ ಅದರ ಕೆಲಸ. ಕಾಣುತ್ತಲೂ ಇತ್ತು. ಆದರೆ ಆ ದರಿದ್ರದ್ದಕ್ಕೆ ಸುಮ್ಮನಿರಲು ಬರುತ್ತಿರಲಿಲ್ಲ. ಇಡೀ ಪರದೆ ಮಿಣಕ್ ಮಿಣಕ್ಕೆಂದು, ಒಲೆ ಮುಂದೆ ನಿಂತು ಕೆಳಗಿನ ಆರ್ಡರ್ ಓದುತ್ತಿದ್ದ ಸುಗುಣತ್ತೆಯನ್ನು ಮತ್ತೆ ಪಟ್ಟಿಯ ಮೇಲ್ತುದಿಗೆ ಎಸೆಯುತ್ತಿತ್ತು. ಪೂರಿ ಕೇಳಿದವರಿಗೆ ಪೊಂಗಲ್ ಹೋಯಿತು.

“ಎಂತ ಮಾರಾಯ ಇದು, ಓದ್ಲಿಕ್ಕೇ ಬಿಡುದಿಲ್ಲ!” ಎಂದು ಅತ್ತೆ ರೇಗಿದರು.

ಮಾವ ಮಧ್ವರಾಜರು ತೀರ್ಪು ಕೊಟ್ಟೇಬಿಟ್ಟರು. “ನಾಳೆ ಮಧ್ಯಾಹ್ನದ ರಶ್ಶಲ್ಲೂ ಹೀಗೇ ಆದ್ರೆ ಟ್ಯಾಬ್ ತೆಗೀತೇನೆ. ನೀನು ಬಂದು ಗಲ್ಲಾದಲ್ಲಿ ಕೂತ್ಕೊ. ಆ್ಯಪ್ ಗೀಪ್ ಎಲ್ಲ ಪೋದುಂ ಪಾ, ಸಾಕು.”

ಆ ಮನೆತನದಲ್ಲಿ ಗಲ್ಲಾದಲ್ಲಿ ಕೂತವರು ಎದ್ದದ್ದೇ ಇಲ್ಲ.

ಸಂಜೆ ಸಂದೇಶ್ ಕೂತು ತಪ್ಪೆಲ್ಲಿದೆಯೆಂದು ಹುಡುಕಿದ. ಕಳ್ಳ ಸಿಕ್ಕಿದ, ತಾನೇ. ಪರದೆಯ ಮೂಲೆಯಲ್ಲಿ ಚಂದಕ್ಕೆಂದು ಸೆಕೆಂಡ್ ತೋರಿಸುವ ಗಡಿಯಾರ ಇಟ್ಟಿದ್ದ. ಅದರ ಮುಳ್ಳು ಕದಲಿದಾಗಲೆಲ್ಲ ಎಲ್ಲ ಆರ್ಡರುಗಳನ್ನೂ ಅಳಿಸಿ ಹೊಸದಾಗಿ ಬರೆಯುವಂತೆ ಮಾಡಿದ ಮಹಾನುಭಾವ ಇವನೇ. ಅಡುಗೆಮನೆಯಲ್ಲಿ ಸೆಕೆಂಡ್ ಎಣಿಸುವ ಪುರುಸೊತ್ತು ಯಾರಿಗಿತ್ತೋ! ಗಡಿಯಾರ ಕಿತ್ತೆಸೆದ. ಬದಲಾದ ಸಾಲನ್ನಷ್ಟೇ ಮತ್ತೆ ಬರೆದು ಉಳಿದದ್ದನ್ನು ಮುಟ್ಟದಂತೆ ಕೋಡ್ ತಿದ್ದಿದ. ಪರದೆ ಕೆರೆಯ ನೀರಿನ ಹಾಗೆ ನಿಂತಿತು. ಇಂಥ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲವೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮರುದಿನ ರಶ್ ಶುರುವಾದಾಗ ಬಂದು ಇಣುಕಿದರೆ ಟ್ಯಾಬ್ ಆಫ್ ಆಗಿ ಬಿದ್ದಿದೆ, ಅದರ ಮೇಲೆ ಕೊತ್ತಂಬರಿ ಸೊಪ್ಪು!

“ಅತ್ತೆ, ಆಫ್ ಯಾಕೆ ಮಾಡಿದ್ದು?”

“ಅದು ಸತ್ತೇ ಹೋಗಿತ್ತು ಮಾರಾಯ. ಒಂಚೂರೂ ಅಲುಗುದಿಲ್ಲ.”

“ಅಲುಗದ ಹಾಗೆ ಮಾಡಿದ್ದೇ ನಾನು!”

“ಹಾಗಾದ್ರೆ ಸಾಯಿಸಿದ್ದು ನೀನೇ ಅಂತಾಯ್ತಲ್ಲ.”

ಗಲ್ಲಾದಿಂದ ಮಾವನ ಕತ್ತು ಉದ್ದವಾಗುತ್ತಿತ್ತು. ವಾದಿಸಲು ಹೊತ್ತೆಲ್ಲಿ? ಸಂದೇಶ್ ನಿಂತಲ್ಲೇ ಲ್ಯಾಪ್‌ಟಾಪ್ ಬಿಚ್ಚಿ, ಪರದೆಯ ಮೂಲೆಗೆ ಒಂದು ಹಸಿರು ಚುಕ್ಕಿ ಹಾಕಿದ. ಅದು ಮಿನುಗುತ್ತದೆ, ಬೇರೇನೂ ಮಾಡುವುದಿಲ್ಲ, ಬೇರೇನನ್ನೂ ಮುಟ್ಟುವುದಿಲ್ಲ. ಸೊಪ್ಪಿನ ಸಂದಿಯಲ್ಲೇ ಟ್ಯಾಬ್ ಆನ್ ಮಾಡಿದ.

“ಹಾಂ, ಈಗ ಜೀವ ಬಂತು!” ಎಂದು ಅತ್ತೆ ಕೊತ್ತಂಬರಿ ಸರಿಸಿದರು.

ಊಟದ ಹೊತ್ತು ಮುಗಿಯುವವರೆಗೆ ಒಂದು ತಟ್ಟೆಯೂ ತಪ್ಪಲಿಲ್ಲ. ಮಾವ ಗಲ್ಲಾ ಬಿಟ್ಟು ಒಳಗೆ ಬಂದು ಚುಕ್ಕಿಯನ್ನೇ ನೋಡುತ್ತ ನಿಂತರು. “ಎಲ್ಲ ಈ ಲೈಟಿಂದ್ಲೇ ಸರಿಯಾದ್ದು. ಇದನ್ನು ಮೊದ್ಲೇ ಹಾಕ್ಲಿಕ್ಕೆ ಎಂತ ಧಾಡಿ ನಿಂಗೆ?”

ಸಂದೇಶನಿಗೆ ಅಳುವೂ ಬಂತು, ನಗುವೂ ಬಂತು. ವಿವರಿಸಬೇಕೆಂದು ಬಾಯಿ ತೆರೆದ. ಬಾಗಿಲಾಚೆ ಗಲ್ಲಾದ ಖಾಲಿ ಕುರ್ಚಿ ಕಂಡಿತು.

“ಹೌದು ಮಾವ, ಲೈಟಿಂದ್ಲೇ,” ಎಂದ.