ಬೇವಿನ ಗಿಡದ ಕುಬಸ

“ಏ ಮುದಕಿ, ನಿನ್ನ ಕುಂಡಿಗೇನು ಬೇರು ಬಂದಾವೇನು? ಏಳು, ಈ ರಸ್ತೇದ ಗಿಡಾ ಎಲ್ಲಾ ಕಡೀಬೇಕು!”

ಇಂಜಿನಿಯರ್ ಧೀರೇಂದ್ರ ಬದನೆಕಾಯಿ ಬುಟ್ಟಿಯನ್ನು ಬೂಟಿನಿಂದ ನೂಕಿದ. ಎರಡು ಕಾಯಿ ಗಟಾರಕ್ಕೆ ಉರುಳಿದವು.

ಶಿವಬಸವ್ವ ಏಳಲಿಲ್ಲ. ಆಡೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಹಾನಗಲ್ಲಿನ ಈ ರಸ್ತೆಯ ಬೇವಿನ ಗಿಡದ ಬುಡದಲ್ಲಿ ಕಾಯಿಪಲ್ಲೆ ಮಾರುವವಳು ಅವಳು. ನೆರಳು ಹೋದರೆ ಮಧ್ಯಾಹ್ನದೊಳಗೆ ಸೊಪ್ಪು ಬಾಡುತ್ತದೆ. ಬಾಡಿದ ಸೊಪ್ಪನ್ನು ಯಾರೂ ಮುಟ್ಟುವುದಿಲ್ಲ.

“ಗಿಡಾ ಯಾಕ ಕಡೀತೀರಿ ಸಾಹೇಬ್ರ?”

“ರಸ್ತೆ ಚಂದ ಮಾಡ್ಲಿಕ್ಕೆ.” ಧೀರೇಂದ್ರ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಸಾಲಾಗಿ ತಾಳೆಯಂಥ ಶೋ ಗಿಡಗಳು, ಕೊಡೆ ಹಿಡಿದ ಬೆಳ್ಳನೆಯ ಹೆಂಗಸರು, ಒಂದು ಬಿಳಿ ನಾಯಿ.

ರಸ್ತೆ ಗುಡಿಸುತ್ತಿದ್ದ ಅನ್ನವ್ವ ಬಗ್ಗಿ ನೋಡಿದಳು. “ನೆಳ್ಳ ಇಲ್ಲಂತನ ಕೊಡಿ ಹಿಡದಾರ, ಪಾಪ. ಇದ್ರಾಗ ನಾವೆಲ್ಲಿ ಅದೀವ್ರಿ?”

“ನೀವು ಇರೂದಿಲ್ಲ. ನಿಮ್ಮಂಥಾವ್ರು ಕಂಡ್ರ ಚಿತ್ರ ಹೊಲಸಾಗ್ತದ.”

“ನಾಯಿಗೆ ಜಾಗ ಐತಲ್ರೀ!”

“ಅದು ಜಾತಿ ನಾಯಿ,” ಎಂದು ಧೀರೇಂದ್ರ ಜೀಪು ಹತ್ತಿದ. “ನಾಳೆ ಗರಗಸ ಬರ್ತದ.”

ಮರುದಿನ ಮಷಿನ್ ಗರಗಸ ಹಿಡಿದು ಬಂದ ನಿಯಾಜ ಅಲ್ಲೇ ನಿಂತುಬಿಟ್ಟ. ಗಿಡ ಹಸಿರು ಸೀರೆ ಉಟ್ಟಿತ್ತು. ಕೊಂಬೆಗೆ ಹಸಿರು ಬಳೆ, ಬುಡಕ್ಕೆ ಉಡಿ ತುಂಬಿದ ಅಕ್ಕಿ, ಎಲೆಯ ಮೇಲೆ ಕರ್ಚಿಕಾಯಿ. ಸಂತೆಯ ಹೆಂಗಸರು ಸೋಬಾನ ಹಾಡುತ್ತಿದ್ದರು.

“ಏನಿದು ನಾಟಕ?” ಧೀರೇಂದ್ರ ಜೀಪಿನಿಂದ ಜಿಗಿದ.

“ಕುಬಸ್ರಿ,” ಶಿವಬಸವ್ವ ಆರತಿ ತಟ್ಟೆ ಎತ್ತಿದಳು. “ಮೈತುಂಬ ಕಾಯಿ ಹಿಡದಾಳ. ಬಸರಿಗೆ ಬಯಕಿ ಇರ್ತಾವಲ್ರಿ?”

“ಮಂಗ್ಯಾನ ಮಕ್ಕಳಾ! ನಿಯಾಜ, ಸೀರಿ ಬಿಚ್ಚು ಅಕೀದು!”

ಹಾಡು ನಿಂತಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು.

“ಯಾರ ಸೀರಿ ಬಿಚ್ಚಂದಾ ಅಂವ?”

“ಬಸರೀದಂತ!”

ನಿಯಾಜ ಗರಗಸವನ್ನು ನೆಲಕ್ಕಿಟ್ಟ. “ತೋಬಾ ತೋಬಾ! ನಮ್ಮ ಅಮ್ಮಿ ನನಗ ಊಟಾ ಹಾಕಂಗಿಲ್ರಿ. ನೀವ ಬಿಚ್ಚ್ರಿ.”

“ಹೂಂ, ಬಿಚ್ಚ್ರಿ ಸಾಹೇಬ್ರ, ನೋಡೂಣು,” ಅನ್ನವ್ವ ಕಸಬರಿಗೆ ಎತ್ತಿ ಹೆಗಲಿಗಿಟ್ಟಳು. ಸುತ್ತಲೂ ಮೊಬೈಲುಗಳು ಮೇಲೆದ್ದವು.

ಧೀರೇಂದ್ರ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ಅದೇ ಕೈಯಿಂದ ಮೇಲಧಿಕಾರಿಗೆ ಫೋನು ಹಚ್ಚಿದ.

“ಸರ್, ಗಿಡ ಕಡೀಲಿಕ್ಕೆ ಆಗವಲ್ದು… ಅಂದ್ರ… ಅದು ಬಸರಿ ಅದ ಅಂತ, ಸರ್.”

ಫೋನಿನಿಂದ ಬಂದ ದನಿ ಎಲ್ಲರಿಗೂ ಕೇಳಿಸಿತು: “ಎಷ್ಟನೇ ತಿಂಗಳು?”

ಧೀರೇಂದ್ರ ಬೆವರು ಒರೆಸಿಕೊಳ್ಳುತ್ತ ಶಿವಬಸವ್ವನ ಮುಖ ನೋಡಿದ.

“ಐದಂತ ಹೇಳ್ರಿ,” ಎಂದಳು ಅವಳು. “ಹಡದ ಮ್ಯಾಲ ಬಾಣಂತನಾನೂ ನಮ್ದ ಅಂತ ಹೇಳ್ರಿ.”

ಅಷ್ಟರಲ್ಲಿ ಅನ್ನವ್ವ ಆಚೆಯ ಹುಣಸೆ ಗಿಡದ ಕೊಂಬೆ ಜಗ್ಗಿ ಬಳೆ ತೊಡಿಸತೊಡಗಿದ್ದಳು. ಅದಿನ್ನೂ ಹೂವು ಕೂಡ ಬಿಟ್ಟಿರಲಿಲ್ಲ.